ಒಂದನೇ ತರಗತಿಯ ದಾಖಲಾತಿಯಲ್ಲಿ ತಾಯಿ ಕಾರ್ಡಿಗೂ ಒಂದು ಜಾಗ ಬೇಕು

ಒಂದನೇ ತರಗತಿಗೆ ಮಗುವನ್ನು ಸೇರಿಸಲು ಬರುವ ಪೋಷಕರಿಂದ ನಮ್ಮ ಶಾಲೆಗಳು ಜನನ ಪ್ರಮಾಣಪತ್ರ ಕೇಳುತ್ತವೆ, ಆಧಾರ್ ಕೇಳುತ್ತವೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೇಳುತ್ತವೆ, ಕೆಲವೆಡೆ ಬ್ಯಾಂಕ್ ಪಾಸ್‌ಪುಸ್ತಕದ ನಕಲನ್ನೂ ಕೇಳುವುದುಂಟು. ಮಗುವಿಗೆ ಯಾವ ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಉಳಿದಿದೆ ಎಂದು ತೋರಿಸುವ ತಾಯಿ ಕಾರ್ಡನ್ನು ಮಾತ್ರ ಕೇಳುವ ರೂಢಿ ಹೆಚ್ಚಿನ ಕಡೆ ಇಲ್ಲ. ಬೆಂಗಳೂರಿನ ಪೀಣ್ಯದ ಕಡೆ, ಗಾರ್ಮೆಂಟ್ಸ್ ಮತ್ತು ಕಟ್ಟಡ ಕೆಲಸಕ್ಕೆ ಹೋಗುವವರ ಮಕ್ಕಳೇ ಹೆಚ್ಚಾಗಿರುವ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳಾಗಿ ನಾನು ಹೇಳಬೇಕೆಂದಿರುವುದು ಇಷ್ಟೇ: ಮಕ್ಕಳಲ್ಲಿ ಹರಡುವ ಕಾಯಿಲೆಗಳನ್ನು ತಡೆಯುವ ಕೆಲಸವನ್ನು ಶಾಲೆಯು ದಾಖಲಾತಿಯ ದಿನವೇ ಆರಂಭಿಸಬೇಕು, ಮತ್ತು ಆ ದಿನ ಕೇಳಬೇಕಾದ ಮೊದಲ ಕಾಗದಗಳಲ್ಲಿ ತಾಯಿ ಕಾರ್ಡೂ ಒಂದಾಗಬೇಕು.

ಇದಕ್ಕೆ ಕಾರಣ ಲಸಿಕೆಯ ವೇಳಾಪಟ್ಟಿಯಲ್ಲಿಯೇ ಇದೆ. ಮಗು ಹುಟ್ಟಿದ ಕೂಡಲೇ ಕ್ಷಯ ತಡೆಯುವ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ ಕೊಡುತ್ತಾರೆ. ಆರು, ಹತ್ತು ಮತ್ತು ಹದಿನಾಲ್ಕನೇ ವಾರಗಳಲ್ಲಿ ಐದು ಕಾಯಿಲೆಗಳನ್ನು ತಡೆಯುವ ಪೆಂಟಾವೇಲೆಂಟ್ ಸೇರಿದಂತೆ ಹಲವು ಲಸಿಕೆಗಳು ಬರುತ್ತವೆ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾದ ಮೊದಲ ಡೋಸ್, 16ರಿಂದ 24 ತಿಂಗಳ ನಡುವೆ ಅದರ ಎರಡನೇ ಡೋಸ್, ಅದರ ಜೊತೆಗೆ ಡಿಪಿಟಿಯ ಮೊದಲ ಬೂಸ್ಟರ್, ಅಂದರೆ ಮೊದಲು ಪಡೆದ ರಕ್ಷಣೆಯನ್ನು ಗಟ್ಟಿಗೊಳಿಸುವ ಡೋಸ್. ಅಲ್ಲಿಯವರೆಗೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ನೆನಪಿಸುತ್ತಾರೆ, ಅಂಗನವಾಡಿಯವರು ಕೇಳುತ್ತಾರೆ, ಎದೆಹಾಲು ಕುಡಿಯುವ ಮಗುವಾದ್ದರಿಂದ ಮನೆಯವರ ಗಮನವೂ ಅದರ ಮೇಲೆಯೇ ಇರುತ್ತದೆ. ಆಮೇಲೆ ಮೂರು ವರ್ಷಗಳಿಗೂ ಹೆಚ್ಚು ಕಾಲ ಒಂದೂ ಚುಚ್ಚುಮದ್ದು ಇರುವುದಿಲ್ಲ. ಐದರಿಂದ ಆರು ವರ್ಷದೊಳಗೆ ಡಿಪಿಟಿಯ ಎರಡನೇ ಬೂಸ್ಟರ್ ಬರುವ ಹೊತ್ತಿಗೆ ಕಾರ್ಡು ಟ್ರಂಕಿನ ಅಡಿಗೆ ಸೇರಿರುತ್ತದೆ, ಮಗು ಅಂಗನವಾಡಿಯನ್ನು ಬಿಟ್ಟು ಶಾಲೆಗೆ ಬಂದಿರುತ್ತದೆ, ಲಸಿಕೆಗಳೆಲ್ಲ ಯಾವತ್ತೋ ಮುಗಿದವು ಎಂಬ ಭಾವನೆ ತಂದೆತಾಯಿಗಳಲ್ಲಿ ಗಟ್ಟಿಯಾಗಿರುತ್ತದೆ.

ಈ ಬೂಸ್ಟರಿಗೆ ಒಂದು ಗಡುವೂ ಇದೆ. ಸರ್ಕಾರದ ಕಾರ್ಯಕ್ರಮದಲ್ಲಿ ಡಿಪಿಟಿಯನ್ನು ಏಳು ವರ್ಷ ತುಂಬುವವರೆಗೆ ಮಾತ್ರ ಕೊಡುತ್ತಾರೆ. ಆರು ವರ್ಷಕ್ಕೆ ಒಂದನೇ ತರಗತಿಗೆ ಸೇರುವ ಮಗುವಿಗೆ ಆ ಗಡುವು ಮುಗಿಯಲು ಉಳಿದಿರುವುದು ಒಂದೇ ವರ್ಷ, ಅಂದರೆ ಒಂದನೇ ತರಗತಿಯ ಒಂದು ಶೈಕ್ಷಣಿಕ ವರ್ಷ. ಆ ವರ್ಷದಲ್ಲಿ ಮಗುವನ್ನು ದಿನವೂ ನೋಡುವ ಸಾರ್ವಜನಿಕ ಸಂಸ್ಥೆ ಶಾಲೆಯೊಂದೇ. ಡಿಪಿಟಿ ತಡೆಯುವ ಮೂರು ಕಾಯಿಲೆಗಳಾದ ಗಂಟಲಮಾರಿ (ಡಿಫ್ತೀರಿಯಾ), ನಾಯಿಕೆಮ್ಮು ಮತ್ತು ಧನುರ್ವಾಯುಗಳಲ್ಲಿ ಗಂಟಲಮಾರಿಯ ಬಗ್ಗೆ ನನಗೆ ಹೆಚ್ಚಿನ ಆತಂಕವಿದೆ. ಅದು ಹಳೆಯ ಕಾಲದ ಕಾಯಿಲೆ ಎಂದು ನಮ್ಮ ಪೀಳಿಗೆಯವರು ಭಾವಿಸಿದ್ದೇವೆ, ಆದರೆ ಅದು ಹೋಗಿಲ್ಲ. ಕೂಸಿನಲ್ಲಿ ಹಾಕಿಸಿದ ಲಸಿಕೆಯ ರಕ್ಷಣೆ ವರ್ಷಗಳು ಕಳೆದಂತೆ ಇಳಿಯುತ್ತದೆ, ಬೂಸ್ಟರ್ ತಪ್ಪಿದರೆ ಮಗು ಮತ್ತೆ ರೋಗದ ಎದುರು ನಿಲ್ಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದ ಗಂಟಲಮಾರಿ ಪ್ರಕರಣಗಳು ಕೂಸುಗಳಿಗಿಂತ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತಿರುವುದಕ್ಕೆ ಇದೂ ಒಂದು ಕಾರಣ. ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರಿಗೆ ಅಡ್ಡವಾಗುವುದಷ್ಟೇ ಅಲ್ಲದೆ, ಆ ಬ್ಯಾಕ್ಟೀರಿಯಾ ಬಿಡುವ ವಿಷ ಹೃದಯಕ್ಕೂ ನರಗಳಿಗೂ ಪೆಟ್ಟು ಕೊಡುತ್ತದೆ, ಅದಕ್ಕೆ ಬೇಕಾದ ಪ್ರತಿವಿಷ ಎಲ್ಲ ಆಸ್ಪತ್ರೆಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ.

ಬೂಸ್ಟರ್ ತಪ್ಪಲು ಮರೆವು ಒಂದೇ ಕಾರಣವಲ್ಲ. ಒಂದೂವರೆ ವರ್ಷದಲ್ಲಿ ಡಿಪಿಟಿ ಹಾಕಿಸಿದಾಗ ಮಗುವಿಗೆ ಜ್ವರ ಬಂದು, ಚುಚ್ಚಿದ ಜಾಗ ಗಟ್ಟಿಯಾಗಿ ಊದಿ, ಎರಡು ರಾತ್ರಿ ಅದು ಅತ್ತಿದ್ದನ್ನು ತಾಯಂದಿರು ಮರೆಯುವುದಿಲ್ಲ. ‘ಆ ಸೂಜಿ ಬೇಡ ಮೇಡಂ, ಅದು ಜ್ವರದ ಸೂಜಿ’ ಎಂದು ಹೇಳುವ ತಾಯಿಯನ್ನು ತಿಳಿವಳಿಕೆ ಇಲ್ಲದವಳೆಂದು ಬದಿಗೆ ಸರಿಸುವುದು ಅನ್ಯಾಯವಾಗುತ್ತದೆ. ಆಕೆ ಕಂಡದ್ದು ನಿಜ. ಒಂದೆರಡು ದಿನದ ಜ್ವರ ಮತ್ತು ನೋವು ಈ ಲಸಿಕೆಯೊಂದಿಗೆ ಬರುವುದು ಸಾಮಾನ್ಯ, ಅದಕ್ಕೆ ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು, ಮೂರನೇ ದಿನಕ್ಕೂ ಇಳಿಯದಿದ್ದರೆ ಅಥವಾ ಮಗು ಮಂಕಾದರೆ ವೈದ್ಯರಿಗೆ ತೋರಿಸಬೇಕು ಎಂದು ಮೊದಲೇ ಹೇಳಿದರೆ ಹೆಚ್ಚಿನ ತಾಯಂದಿರು ಒಪ್ಪುತ್ತಾರೆ. ಕೂಲಿ ತಪ್ಪುವ ಚಿಂತೆಯೂ ಇದರೊಳಗೆ ಸೇರಿರುತ್ತದೆ. ಆದ್ದರಿಂದ ಮರುದಿನ ರಜೆ ಇರುವ ಹೊತ್ತನ್ನು ನೋಡಿ ಹಾಕಿಸುವಂತೆ ಸೂಚಿಸುವುದು ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ನಮ್ಮ ಕಡೆಯ ಶಾಲೆಗಳಲ್ಲಿ ಇನ್ನೊಂದು ತೊಡಕಿದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕೆಲಸಕ್ಕಾಗಿ ಬಂದವರ ಮಕ್ಕಳೂ ಬಿಹಾರ, ಒಡಿಶಾದಿಂದ ಬಂದವರ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಕಾರ್ಡು ಕೇಳಿದರೆ ‘ಊರಾಗ ಐತ್ರಿ ಮೇಡಂ’ ಎಂಬ ಉತ್ತರ ಬರುತ್ತದೆ, ಕೆಲವರಿಗೆ ಅದು ಯಾವ ಊರಿನ ಯಾರ ಮನೆಯಲ್ಲಿದೆ ಎಂಬುದೂ ನೆನಪಿರುವುದಿಲ್ಲ. ಯು-ವಿನ್ ಎಂಬ ಡಿಜಿಟಲ್ ದಾಖಲೆ ಈಗ ಬಂದಿದೆಯಾದರೂ, ಈಗ ಪ್ರಾಥಮಿಕ ಶಾಲೆಯಲ್ಲಿರುವ ಮಕ್ಕಳು ಹುಟ್ಟಿದ್ದು ಅದಕ್ಕೂ ಮೊದಲು. ಅವರ ಪಾಲಿಗೆ ಆ ಕಾಗದದ ಕಾರ್ಡೇ ದಾಖಲೆ. ಇದರ ಮೇಲೆ, 2018ರ ಕೊನೆಯಿಂದ 2020ರವರೆಗೆ ಹುಟ್ಟಿದ ಮಕ್ಕಳಿಗೆ ಒಂಬತ್ತು ತಿಂಗಳಿನ ಅಥವಾ ಒಂದೂವರೆ ವರ್ಷದ ಲಸಿಕೆಯ ಸಮಯ ಬಂದದ್ದು 2020ರ ಮಾರ್ಚ್‌ನ ಲಾಕ್‌ಡೌನ್ ಮತ್ತು ಅದರ ಹಿಂದೆಯೇ ಬಂದ ಕೋವಿಡ್ ಅಲೆಗಳ ನಡುವೆ. ಆಗ ಎಷ್ಟೋ ಕುಟುಂಬಗಳು ನಡೆದೇ ಊರು ಸೇರುತ್ತಿದ್ದವು. ಆ ಮಕ್ಕಳ ಕಾರ್ಡಿನಲ್ಲಿ ಖಾಲಿ ಚೌಕಗಳು ಕಂಡರೆ ಆಶ್ಚರ್ಯಪಡಬೇಕಿಲ್ಲ, ಆದರೆ ಆ ಖಾಲಿ ಚೌಕವನ್ನು ಒಬ್ಬರಾದರೂ ನೋಡಲೇಬೇಕು.

ತಾಯಿ ಕಾರ್ಡು ಕೇಳುವುದೆಂದರೆ ಅದಿಲ್ಲದ ಮಗುವನ್ನು ಹಿಂದಕ್ಕೆ ಕಳಿಸುವುದು ಎಂದರ್ಥವಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಲಸಿಕೆಯ ಕಾರ್ಡನ್ನು ಬಾಗಿಲಿಗೆ ಅಡ್ಡಗೋಲಾಗಿ ಇಟ್ಟರೆ ಯಾವ ಮಕ್ಕಳಿಗೆ ಲಸಿಕೆ ಹೆಚ್ಚು ಅಗತ್ಯವೋ ಅವರೇ ಶಾಲೆಯಿಂದ ಹೊರಗುಳಿಯುತ್ತಾರೆ. ಮಗುವನ್ನು ಸೇರಿಸಿಕೊಂಡು, ಕಾರ್ಡಿನ ಲಸಿಕೆ ಪುಟವನ್ನು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಬಾಕಿ ಇರುವವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಆ ಪ್ರದೇಶದ ಆಶಾ ಕಾರ್ಯಕರ್ತೆಗೋ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರಿಗೋ ಕೊಟ್ಟರೆ ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಲಸಿಕೆಯ ದಿನ ಸಾಮಾನ್ಯವಾಗಿ ಗುರುವಾರ. ಪೋಷಕರಿಗೆ ಹೇಳಬೇಕಾದ ಮುಖ್ಯ ಮಾತು ಏನೆಂದರೆ, ನಡುವೆ ಒಂದು ಡೋಸ್ ತಪ್ಪಿದೆಯೆಂದು ಮೊದಲಿನಿಂದ ಎಲ್ಲವನ್ನೂ ಹಾಕಿಸಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ನೆಗಡಿ ಅಥವಾ ಸಣ್ಣ ಕೆಮ್ಮು ಇದ್ದರೆ ಲಸಿಕೆ ಮುಂದೂಡಬೇಕೆಂಬುದೂ ತಪ್ಪು ತಿಳಿವಳಿಕೆ. ದಡಾರ-ರುಬೆಲ್ಲಾದ ಡೋಸನ್ನು ಸಾಮಾನ್ಯ ಕಾರ್ಯಕ್ರಮದಲ್ಲಿ ಐದು ವರ್ಷದವರೆಗೆ ಮಾತ್ರ ಕೊಡುವುದರಿಂದ, ಆ ವಯಸ್ಸು ದಾಟಿದ ಮಗುವಿಗೆ ಅದು ಬಾಕಿ ಇದ್ದರೆ ಕೇಂದ್ರದ ವೈದ್ಯಾಧಿಕಾರಿಯನ್ನೇ ಕಂಡು ಕೇಳಬೇಕು.

ದಡಾರದ ಎರಡನೇ ಡೋಸಿಗೆ ಯಾಕಿಷ್ಟು ಮಹತ್ವ ಎಂಬುದನ್ನು ತರಗತಿಯ ಲೆಕ್ಕದಲ್ಲಿಯೇ ಹೇಳಬಹುದು. ಒಂಬತ್ತು ತಿಂಗಳಿನಲ್ಲಿ ಕೊಡುವ ದಡಾರದ ಮೊದಲ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಕೊಡುತ್ತದೆ. 40 ಮಕ್ಕಳ ತರಗತಿಯಲ್ಲಿ ಎಲ್ಲರಿಗೂ ಆ ಒಂದೇ ಡೋಸ್ ಆಗಿದ್ದರೆ ಆರು ಮಕ್ಕಳು ರಕ್ಷಣೆಯಿಲ್ಲದೆ ಉಳಿಯುತ್ತಾರೆ. ಎರಡೂ ಡೋಸ್ ಆಗಿದ್ದರೆ ಅಂಥವರು ಒಬ್ಬಿಬ್ಬರು. ದಡಾರದ ವೈರಾಣು ಗಾಳಿಯಲ್ಲಿ ಹರಡುವಂಥದ್ದು, ರೋಗಿಯು ಕೋಣೆಯಿಂದ ಹೊರಟ ಮೇಲೂ ಎರಡು ಗಂಟೆಯವರೆಗೆ ಅಲ್ಲಿ ಉಳಿದಿರಬಲ್ಲದು, ರಕ್ಷಣೆ ಇಲ್ಲದ ಹತ್ತು ಜನ ಅದಕ್ಕೆ ಸಿಕ್ಕರೆ ಒಂಬತ್ತು ಜನರಿಗೆ ತಗಲುತ್ತದೆ. ಆದ್ದರಿಂದಲೇ ಸಮುದಾಯದ ಸುಮಾರು 95 ಪ್ರತಿಶತ ಜನರಿಗೆ ರಕ್ಷಣೆ ಇರಬೇಕೆನ್ನುತ್ತಾರೆ. ನಲಿಕಲಿ ಕೋಣೆಯನ್ನು ನೋಡಿದವರಿಗೆ ಇದರ ಅರ್ಥ ಇನ್ನೂ ಚೆನ್ನಾಗಿ ಆಗುತ್ತದೆ. ಅಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ಕಲಿಕಾ ಕಾರ್ಡುಗಳು ಕೈಯಿಂದ ಕೈಗೆ ಹೋಗುತ್ತವೆ. ಕಲಿಕೆಗೆ ಅದು ಒಳ್ಳೆಯ ವ್ಯವಸ್ಥೆ, ನಾನು ಅದನ್ನು ಪ್ರೀತಿಸುತ್ತೇನೆ. ಅದೇ ವ್ಯವಸ್ಥೆಯಲ್ಲಿ ಒಬ್ಬರ ಕಾಯಿಲೆ ಮೂರು ತರಗತಿಗೂ ತಲುಪುತ್ತದೆ ಎಂಬುದು ಸಹ ಅಷ್ಟೇ ನಿಜ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದದ್ದು ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಶಾಲೆ, ಅಂಗನವಾಡಿ ಮತ್ತು ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಹಾಕಿದ ಆ ದಿನಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ವದಂತಿಗಳು ಹರಡಿದ್ದವು, ಲಸಿಕೆ ಇರುವ ದಿನ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡ ಪೋಷಕರೂ ಇದ್ದರು. ದಡಾರದ ಲಸಿಕೆಗೂ ಆಟಿಸಂಗೂ ನಂಟು ಹಾಕಿ 1998ರಲ್ಲಿ ಪ್ರಕಟವಾದ ಪ್ರಬಂಧವನ್ನು ಅದನ್ನು ಅಚ್ಚು ಹಾಕಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಆದರೂ ಆ ಭಯ ಇಂದಿಗೂ ಅಪಾರ್ಟ್‌ಮೆಂಟಿನ ಗುಂಪುಗಳಲ್ಲಿ ಸುತ್ತುತ್ತಿದೆ. ರುಬೆಲ್ಲಾ ಮಕ್ಕಳಿಗೆ ಬಂದರೆ ಸಣ್ಣ ಜ್ವರ, ಸಣ್ಣ ಗುಳ್ಳೆಗಳಲ್ಲಿ ಮುಗಿಯುತ್ತದೆ, ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ ಮತ್ತು ಹೃದಯಕ್ಕೆ ಹಾನಿಯಾಗುತ್ತದೆ. ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅವರಲ್ಲಿ ಹಲವರು ಇನ್ನೂ ಚಿಕ್ಕ ವಯಸ್ಸಿನವರು. ಮಕ್ಕಳ ಲಸಿಕೆಯ ಬಗ್ಗೆ ಮಾತನಾಡುವಾಗ ಶಿಕ್ಷಕಿಯರ ಲಸಿಕೆಯ ಬಗ್ಗೆ ಯಾರೂ ಕೇಳುವುದಿಲ್ಲ. ಗರ್ಭ ಧರಿಸುವ ಮೊದಲೇ ತಮಗೆ ರುಬೆಲ್ಲಾ ಮತ್ತು ಸೀತಾಳೆ ಸಿಡುಬಿನ ರಕ್ಷಣೆ ಇದೆಯೇ ಎಂದು ಅವರು ವೈದ್ಯರನ್ನು ಕೇಳಿಕೊಳ್ಳಬೇಕು. ಈ ಎರಡೂ ಲಸಿಕೆಗಳನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ.

ಸರ್ಕಾರಿ ಲಸಿಕೆ ಕಳಪೆಯದು, ಹಣ ಕೊಟ್ಟು ಹಾಕಿಸಿದ್ದೇ ಗಟ್ಟಿ ಎಂಬ ಮಾತು ಈ ನಗರದಲ್ಲಿ ಆಗಾಗ ಕೇಳಿಬರುತ್ತದೆ. ಸರ್ಕಾರ ಕೊಡುವ ಲಸಿಕೆಗಳಲ್ಲಿ ಅನೇಕವನ್ನು ತಯಾರಿಸುವ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಲಸಿಕೆಗಳನ್ನೇ ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳು ಬಳಸುತ್ತವೆ. ವ್ಯತ್ಯಾಸ ಇರುವುದು ಪಟ್ಟಿಯಲ್ಲಿ. ಸೀತಾಳೆ ಸಿಡುಬು, ಮಂಗನಬಾವು, ಹೆಪಟೈಟಿಸ್ ಎ ಮತ್ತು ಫ್ಲೂ ಲಸಿಕೆಗಳು ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ. ಖಾಸಗಿ ವೈದ್ಯರಲ್ಲಿಗೆ ಹೋಗುವ ಮಕ್ಕಳಿಗೆ ನಾಲ್ಕರಿಂದ ಆರು ವರ್ಷದೊಳಗೆ ಎಂಎಂಆರ್ ಲಸಿಕೆಯ ಇನ್ನೊಂದು ಡೋಸ್ ಸಿಗುತ್ತದೆ, ಅದರಲ್ಲಿ ದಡಾರ, ರುಬೆಲ್ಲಾಗಳ ಜೊತೆಗೆ ಮಂಗನಬಾವಿನ ರಕ್ಷಣೆಯೂ ಇರುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಅದು ಇಲ್ಲ. 2024ರಲ್ಲಿ ಕೇರಳದಲ್ಲಿ ಮಂಗನಬಾವು ಸಾವಿರಾರು ಮಕ್ಕಳಿಗೆ ಬಂದದ್ದನ್ನು ನೋಡಿದ ಮೇಲಾದರೂ ಅದನ್ನು ಉಚಿತ ಪಟ್ಟಿಗೆ ಸೇರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಲಸಿಕೆ ಇಲ್ಲದ, ಇಲ್ಲವೇ ಉಚಿತವಾಗಿ ಸಿಗದ ಕಾಯಿಲೆಗಳಲ್ಲಿ ಶಾಲೆಯ ಕೈಯಲ್ಲಿರುವುದು ಮುಖ್ಯವಾಗಿ ಕಾಯಿಲೆಯ ಮಗು ಎಷ್ಟು ದಿನ ಮನೆಯಲ್ಲಿರಬೇಕು ಎಂಬ ವಿಷಯ. ಜ್ವರದ ಮಗುವಿಗೆ ಬೆಳಿಗ್ಗೆ ಒಂದು ಮುಚ್ಚಳ ಸಿರಪ್ಪು ಕುಡಿಸಿ ಕಳಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ. ಪ್ಯಾರಾಸಿಟಮಾಲ್ ನಾಲ್ಕರಿಂದ ಆರು ಗಂಟೆ ಮಾತ್ರ ಕೆಲಸ ಮಾಡುವುದರಿಂದ, ಪ್ರಾರ್ಥನೆಯ ಹೊತ್ತಿನಲ್ಲಿ ಲವಲವಿಕೆಯಿಂದ ನಿಂತಿದ್ದ ಮಗು ಬಿಸಿಯೂಟದ ಹೊತ್ತಿಗೆ ತಟ್ಟೆಯ ಮುಂದೆ ತೂಕಡಿಸುತ್ತಿರುತ್ತದೆ. ಅಷ್ಟರಲ್ಲಿ ಅದು ಅರ್ಧ ದಿನ ಎಲ್ಲರ ಜೊತೆ ಕಳೆದಿರುತ್ತದೆ. ಔಷಧಿ ಇಲ್ಲದೆ ಇಪ್ಪತ್ನಾಲ್ಕು ಗಂಟೆ ಜ್ವರ ಬಾರದಿದ್ದ ಮೇಲೆ ಮಾತ್ರ ಶಾಲೆಗೆ ಕಳಿಸಬೇಕೆಂಬ ನಿಯಮ ಸರಿಯಾದದ್ದು. 2025ರ ಮೇ ಕೊನೆಯಲ್ಲಿ ಕೋವಿಡ್ ಪ್ರಕರಣಗಳು ಮತ್ತೆ ಏರಿದಾಗ, ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿತ್ತು. ಅದು ಯಾವ ವರ್ಷಕ್ಕೂ ಅನ್ವಯಿಸಬೇಕಾದ ಮಾತು. ಆದರೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಒಂದು ದಿನ ತಪ್ಪಿದರೆ ಆ ದಿನದ ಸಂಬಳದ ಜೊತೆಗೆ ಹಾಜರಾತಿಯ ಭತ್ಯೆಯೂ ಹೋಗುತ್ತದೆ, ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಅಜ್ಜಿಯೂ ಇಲ್ಲ. ಇದನ್ನು ತಿಳಿದುಕೊಂಡೇ ನಾವು ಮಾತನಾಡಬೇಕು. ದಾಖಲಾತಿಯ ಅರ್ಜಿಯಲ್ಲಿ ತಂದೆತಾಯಿಯ ಫೋನ್ ನಂಬರಿನ ಜೊತೆಗೆ, ಹಗಲು ಮನೆಯಲ್ಲಿರುವ ಅಕ್ಕಪಕ್ಕದವರೊಬ್ಬರ ನಂಬರನ್ನೂ ಬರೆಸಿಕೊಂಡರೆ ಮಧ್ಯಾಹ್ನ ಜ್ವರ ಏರಿದ ಮಗುವನ್ನು ಸಂಜೆಯವರೆಗೆ ಬೆಂಚಿನ ಮೇಲೆ ಮಲಗಿಸಿಕೊಳ್ಳುವುದು ತಪ್ಪುತ್ತದೆ.

ಶಾಲೆಗಳು ಬದಲಾಯಿಸಿಕೊಳ್ಳಬೇಕಾದ ಒಂದು ರೂಢಿಯೂ ಇದೆ, ವಾರ್ಷಿಕೋತ್ಸವದಲ್ಲಿ ಪೂರ್ಣ ಹಾಜರಿಗೆ ಕೊಡುವ ಬಹುಮಾನ. ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ವೇದಿಕೆಯ ಮೇಲೆ ಚಪ್ಪಾಳೆ ತಟ್ಟುವಾಗ, ಮೈ ಬಿಸಿಯಾಗಿದ್ದರೂ ಬರಬೇಕು ಎಂದು ನಾವು ಎಲ್ಲ ಮಕ್ಕಳಿಗೂ ಹೇಳಿಕೊಟ್ಟಂತಾಗುತ್ತದೆ. ಏಳು ವರ್ಷದ ಮಗು ಜ್ವರವನ್ನು ಮುಚ್ಚಿಟ್ಟುಕೊಂಡು ಬರುವುದನ್ನು ನಾನು ಕಂಡಿದ್ದೇನೆ. ಆ ಬಹುಮಾನವನ್ನು ನಿಲ್ಲಿಸಬೇಕು.

ಬೇಸಿಗೆ ಹತ್ತಿರವಾದಂತೆ, ಜನವರಿಯಿಂದ ಪರೀಕ್ಷೆಯವರೆಗೆ, ಸೀತಾಳೆ ಸಿಡುಬಿನ ಕಾಲ. ಮನೆಗಳಲ್ಲಿ ‘ಅಮ್ಮ ಆಗಿದೆ’ ಎನ್ನುತ್ತಾರೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಮಗುವನ್ನು ಒಂದು ಕಡೆ ಮಲಗಿಸಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಗುಳ್ಳೆ ಬಾಡಿದ ಮೇಲೆ ಬೇವಿನ ನೀರು ಹಾಕಿ ಮಾರಮ್ಮನಿಗೆ ಮೊಸರನ್ನದ ಎಡೆ ಇಟ್ಟು ಬರುತ್ತಾರೆ. ಈ ಆಚರಣೆಯನ್ನು ಮೂಢನಂಬಿಕೆಯೆಂದು ಹೀಗಳೆಯುವ ಅಗತ್ಯ ನನಗೆ ಕಂಡಿಲ್ಲ, ಏಕೆಂದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ, ಅಂದರೆ ಸಾಮಾನ್ಯವಾಗಿ ಐದಾರು ದಿನ, ಮಗುವನ್ನು ಬೇರೆ ಇಡಬೇಕೆಂದು ವೈದ್ಯರೂ ಹೇಳುತ್ತಾರೆ. ತೊಂದರೆ ಬರುವುದು ಎರಡು ಕಡೆ. ಅಮ್ಮ ಬಂದಾಗ ಔಷಧಿ ಮುಟ್ಟಿಸಬಾರದೆಂದು ಉಸಿರಾಟ ಏರಿದರೂ, ಮಗು ಮಂಪರಿಗೆ ಹೋದರೂ ಆಸ್ಪತ್ರೆಗೆ ಕರೆದುಕೊಂಡು ಹೋಗದಿರುವುದು ಒಂದು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಕಾಯಿಲೆ ಹರಡಲು ಆರಂಭವಾಗಿರುತ್ತದೆ ಎಂಬುದು ಗೊತ್ತಿಲ್ಲದೆ ಶಾಲೆಗೆ ವಿಷಯ ತಿಳಿಸದಿರುವುದು ಇನ್ನೊಂದು. ಈ ಕಾಯಿಲೆಯಲ್ಲಿ, ಫ್ಲೂನಲ್ಲಿಯೂ ಸಹ, ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಅದು ಯಕೃತ್ತು ಮತ್ತು ಮಿದುಳಿಗೆ ತೀವ್ರ ಹಾನಿ ಮಾಡಬಲ್ಲದು. ಉಗುರು ಕತ್ತರಿಸಿ, ತುರಿಕೆಗೆ ಕ್ಯಾಲಮೈನ್ ಹಚ್ಚಿ, ನೀರು ಮಜ್ಜಿಗೆ ಧಾರಾಳವಾಗಿ ಕೊಟ್ಟರೆ ಹೆಚ್ಚಿನ ಮಕ್ಕಳು ಹಾಗೆಯೇ ಗುಣವಾಗುತ್ತಾರೆ. ಆದರೆ ಅದೇ ತರಗತಿಯಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗು ಇದ್ದರೆ, ಅಥವಾ ಯಾವುದೋ ಕಾರಣಕ್ಕೆ ಸ್ಟೀರಾಯ್ಡ್ ನುಂಗುತ್ತಿರುವ ಮಗು ಇದ್ದರೆ, ಸೀತಾಳೆ ಸಿಡುಬು ಅದರ ಪ್ರಾಣಕ್ಕೇ ಅಪಾಯ. ಅಂಥ ಮಗುವಿನ ಮನೆಗೆ ಅದೇ ದಿನ ಫೋನ್ ಮಾಡಬೇಕು.

ಕೈ, ಕಾಲು, ಬಾಯಿ ರೋಗವನ್ನು ಸೀತಾಳೆ ಸಿಡುಬೆಂದು ತಿಳಿಯುವುದು ಹೆಚ್ಚು. ಅದರಲ್ಲಿ ಅಂಗೈ, ಅಂಗಾಲು, ಬಾಯಿಯೊಳಗೆ, ಕೆಲವೊಮ್ಮೆ ಪೃಷ್ಠ ಮತ್ತು ಮೊಣಕಾಲಿನ ಮೇಲೆ ಗುಳ್ಳೆಗಳಾಗುತ್ತವೆ, ಮಗು ನುಂಗಲಾರದೆ ಜೊಲ್ಲು ಸುರಿಸುತ್ತದೆ. ಸೀತಾಳೆ ಸಿಡುಬಿನ ಗುಳ್ಳೆಗಳು ಹೆಚ್ಚಾಗಿ ಎದೆ, ಬೆನ್ನು, ಮುಖದಿಂದ ಆರಂಭವಾಗಿ ತಂಡ ತಂಡವಾಗಿ ಏಳುತ್ತವೆ, ತುರಿಕೆ ಬಹಳ. ಕೈಕಾಲುಬಾಯಿ ರೋಗದ ವೈರಾಣು ಮಲದಲ್ಲಿ ವಾರಗಟ್ಟಲೆ ಹೊರಬರುವುದರಿಂದ ಗುಳ್ಳೆ ಮಾಯುವವರೆಗೆ ಮನೆಯಲ್ಲಿಟ್ಟ ಮಾತ್ರಕ್ಕೆ ಹರಡುವುದು ಪೂರ್ತಿ ನಿಲ್ಲುವುದಿಲ್ಲ, ಶೌಚಾಲಯದಿಂದ ಬಂದ ಮೇಲೆ ಮತ್ತು ಬಿಸಿಯೂಟಕ್ಕೆ ಮೊದಲು ಕೈತೊಳೆಯುವುದೇ ಮುಖ್ಯವಾಗುತ್ತದೆ. ಇದಕ್ಕೆ ಸ್ಯಾನಿಟೈಸರ್ ನೆಚ್ಚಿಕೊಳ್ಳುವಂಥದ್ದಲ್ಲ. ಈ ಜಾತಿಯ ವೈರಾಣುಗಳ ಮೇಲೆ ಅದರ ಪರಿಣಾಮ ಕಡಿಮೆ. ಕೋವಿಡ್ ಕಾಲದಲ್ಲಿ ದಾನವಾಗಿ ಬಂದ ಸ್ಯಾನಿಟೈಸರ್ ಬಾಟಲಿಗಳಿಗಿಂತ ಕೊಳಾಯಿಯ ಹತ್ತಿರ ಯಾವಾಗಲೂ ಇರುವ ಒಂದು ಸೋಪು ಮತ್ತು ಕೊಳಾಯಿಯಲ್ಲಿ ಯಾವಾಗಲೂ ಬರುವ ನೀರು ಮಕ್ಕಳಿಗೆ ಹೆಚ್ಚು ಉಪಕಾರಿ, ಅದಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹಣ ಕೇಳಲು ನಾವು ಹಿಂಜರಿಯಬಾರದು.

ಮಂಗನಬಾವು ಬಂದ ಮಗು ಕೆನ್ನೆ ಊದಿದ ದಿನದಿಂದ ಐದು ದಿನ ಮನೆಯಲ್ಲಿರಬೇಕು. 2023ರ ಮಳೆಗಾಲದಲ್ಲಿ ಊರೆಲ್ಲ ಹರಡಿದ್ದ ಮದ್ರಾಸ್ ಐ ನೋಟದಿಂದ ಬರುವುದಿಲ್ಲ, ಕಣ್ಣುಜ್ಜಿದ ಕೈಯಿಂದ, ಒರೆಸಿಕೊಂಡ ಟವೆಲಿನಿಂದ ಬರುತ್ತದೆ. ಕಜ್ಜಿಗೆ ಮನೆಯವರೆಲ್ಲರೂ ಒಂದೇ ದಿನ ಮುಲಾಮು ಹಚ್ಚಿಕೊಳ್ಳದಿದ್ದರೆ ಅದು ಮನೆಯೊಳಗೇ ಸುತ್ತುತ್ತಿರುತ್ತದೆ. ಹೇನಿನ ಕಾರಣಕ್ಕೆ ಯಾವ ಮಗುವನ್ನೂ ಮನೆಗೆ ಕಳಿಸಬಾರದು, ಎಲ್ಲರ ಮುಂದೆ ತಲೆ ನೋಡುವುದಂತೂ ಬೇಡವೇ ಬೇಡ.

ಒಂದು ತರಗತಿಯಲ್ಲಿ ಕಾಯಿಲೆ ಕಂಡಾಗ ಉಳಿದ ಪೋಷಕರಿಗೆ ತಿಳಿಸಬೇಕು, ಆದರೆ ಮಗುವಿನ ಹೆಸರಿಲ್ಲದೆ. ‘ಎರಡನೇ ತರಗತಿಯಲ್ಲಿ ಸೀತಾಳೆ ಸಿಡುಬು ಕಂಡಿದೆ; ಮುಂದಿನ ಮೂರು ವಾರ ಮಗುವಿಗೆ ಜ್ವರ ಅಥವಾ ಗುಳ್ಳೆ ಬಂದರೆ ಶಾಲೆಗೆ ಕಳಿಸದೆ ನಮಗೆ ತಿಳಿಸಿ’ ಎಂಬಷ್ಟು ಸಂದೇಶ ಸಾಕು. ಮೂರು ವಾರ ಎನ್ನಲು ಕಾರಣ, ಈ ಕಾಯಿಲೆ ತಗಲಿದ ಮೇಲೆ ಕಾಣಿಸಿಕೊಳ್ಳಲು 10ರಿಂದ 21 ದಿನ ಹಿಡಿಯುತ್ತದೆ. ಮೊದಲ ಮಗು ಗುಣವಾಗಿ ಬಂದ ಮೇಲೆ, ಎಲ್ಲವೂ ಮುಗಿಯಿತೆಂದು ನಾವು ಮರೆತಿರುವಾಗ, ಎರಡನೇ ಸುತ್ತು ಒಮ್ಮೆಲೇ ನಾಲ್ಕೈದು ಮಕ್ಕಳಿಗೆ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಮಾತ್ರ ಇರುತ್ತದೆ, ಕಾರಣ ಇರುವುದಿಲ್ಲ. ಪಕ್ಕದಲ್ಲಿ ಒಂದು ಸಾದಾ ನೋಟ್‌ಬುಕ್ ಇಟ್ಟು, ಯಾರಿಗೆ ಯಾವ ದಿನ ಜ್ವರ, ಯಾರಿಗೆ ಗುಳ್ಳೆ, ಯಾರಿಗೆ ಭೇದಿ ಎಂದು ಬರೆದಿಟ್ಟುಕೊಂಡರೆ ಒಂದೇ ವಾರದಲ್ಲಿ ಒಂದೇ ಲಕ್ಷಣ ಮೂರು ಮಕ್ಕಳಿಗೆ ಬಂದದ್ದು ಕಣ್ಣಿಗೆ ಬೀಳುತ್ತದೆ. ಜ್ವರದ ಜೊತೆ ಮೈತುಂಬ ಕೆಂಪು ದದ್ದು, ಕೆಮ್ಮು, ಕೆಂಪಾದ ಕಣ್ಣು ಇರುವ ಒಂದೇ ಒಂದು ಮಗು ಕಂಡರೂ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಬೇಕು, ಏಕೆಂದರೆ ಅದು ದಡಾರವಾಗಿರಬಹುದು. ಅವರು ರಕ್ತದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಮಗುವಿಗೆ ವಿಟಮಿನ್ ಎ ಕೊಡುತ್ತಾರೆ, ಸುತ್ತಲಿನ ಲಸಿಕೆಯಿಲ್ಲದ ಮಕ್ಕಳನ್ನು ಹುಡುಕುತ್ತಾರೆ. ದಡಾರದ ಸೋಂಕು ತಗಲಿದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ರೋಗವನ್ನು ತಡೆಯಬಹುದು ಅಥವಾ ಅದರ ತೀವ್ರತೆಯನ್ನು ಕಡಿಮೆ ಮಾಡಬಹುದು, ಹೀಗಾಗಿ ಸೋಮವಾರದವರೆಗೆ ಕಾಯೋಣ ಎಂಬ ಮಾತಿಗೆ ಇಲ್ಲಿ ಅವಕಾಶವಿಲ್ಲ.

ಶಾಲೆಯಲ್ಲಿಯೇ ಲಸಿಕೆ ಹಾಕುವ ದಿನವನ್ನು ಹೇಗೆ ನಡೆಸುತ್ತೇವೆ ಎಂಬುದರ ಮೇಲೆ ಮುಂದಿನ ವರ್ಷದ ಒಪ್ಪಿಗೆ ನಿಂತಿರುತ್ತದೆ. ಹಸಿದ ಹೊಟ್ಟೆಯಲ್ಲಿ, ಸಾಲಿನಲ್ಲಿ ನಿಂತು, ಮುಂದಿನವರ ಅಳುವನ್ನು ನೋಡುತ್ತಿದ್ದ ಮಗು ಭಯದಿಂದಲೇ ತಲೆತಿರುಗಿ ಬೀಳುತ್ತದೆ; ಒಬ್ಬರು ಬಿದ್ದರೆ ಅದನ್ನು ನೋಡಿದ ಇನ್ನಿಬ್ಬರಿಗೂ ಹಾಗೆಯೇ ಆಗುತ್ತದೆ; ಸಂಜೆಯೊಳಗೆ ಲಸಿಕೆಯಿಂದ ಮಕ್ಕಳು ಪ್ರಜ್ಞೆ ತಪ್ಪಿದರು ಎಂಬ ಸುದ್ದಿ ಬಡಾವಣೆಯನ್ನೆಲ್ಲ ಸುತ್ತುತ್ತದೆ. ಆದ್ದರಿಂದ ಕ್ಷೀರಭಾಗ್ಯದ ಹಾಲು ಅಥವಾ ಬಿಸಿಯೂಟ ಮುಗಿದ ಮೇಲೆಯೇ ಲಸಿಕೆ ಹಾಕಿಸಬೇಕು, ಕಾಯುವ ಮಕ್ಕಳು ಒಂದು ಕೋಣೆಯಲ್ಲಿ ಕಥೆ ಕೇಳುತ್ತ ಕುಳಿತಿರಬೇಕು, ಲಸಿಕೆ ಇನ್ನೊಂದು ಕೋಣೆಯಲ್ಲಿ, ಹಾಕಿಸಿಕೊಂಡವರು ಅರ್ಧ ಗಂಟೆ ಮೂರನೆಯ ಜಾಗದಲ್ಲಿ. ನೋವಾಗುವುದೇ ಇಲ್ಲ ಎಂದು ಮಕ್ಕಳಿಗೆ ಸುಳ್ಳು ಹೇಳಬಾರದು, ಸ್ವಲ್ಪ ನೋವಾಗುತ್ತದೆ, ಬೇಗ ಹೋಗುತ್ತದೆ ಎಂದೇ ಹೇಳಬೇಕು. ಗಲಾಟೆ ಮಾಡಿದರೆ ಸೂಜಿ ಹಾಕಿಸುತ್ತೇನೆ ಎಂದು ವರ್ಷವಿಡೀ ಹೆದರಿಸುವ ಅಭ್ಯಾಸವನ್ನು ಶಿಕ್ಷಕರಾದ ನಾವೂ, ಮನೆಯವರೂ ಬಿಡಬೇಕು.

ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ ಮುಗಿಸುವ ಹೊತ್ತಿಗೆ ಮಗುವಿಗೆ ಹತ್ತು ವರ್ಷ ದಾಟಿರುತ್ತದೆ, ಟಿಡಿ ಲಸಿಕೆ ಹಾಕಿಸಬೇಕಾದ ವಯಸ್ಸು ಅದೇ. ಧನುರ್ವಾಯು ಮತ್ತು ಗಂಟಲಮಾರಿಯನ್ನು ತಡೆಯುವ ಈ ಡೋಸಿನ ಮುಂದಿನ ಸರದಿ ಹದಿನಾರಕ್ಕೆ, ಅಷ್ಟರಲ್ಲಿ ಮಗು ಎರಡು ಶಾಲೆ ಬದಲಿಸಿರುತ್ತದೆ, ನಮ್ಮ ಕಡೆಯ ಮಕ್ಕಳಾದರೆ ಎರಡು ಊರನ್ನೂ ಬದಲಿಸಿರಬಹುದು. ಒಂದನೇ ತರಗತಿಯಲ್ಲಿ ತೆಗೆದ ತಾಯಿ ಕಾರ್ಡಿನ ಆ ಫೋಟೊವನ್ನು ಮುದ್ರಿಸಿ, ಆಮೇಲೆ ಹಾಕಿಸಿದ ಡಿಪಿಟಿ ಮತ್ತು ಟಿಡಿಯ ದಿನಾಂಕಗಳನ್ನು ಅದರ ಕೆಳಗೆ ಬರೆದು, ವರ್ಗಾವಣೆ ಪತ್ರದ ಜೊತೆಗೆ ಪಿನ್ ಮಾಡಿ ಕೊಡಬೇಕು. ಅದಕ್ಕೆ ಇಲಾಖೆಯ ಆದೇಶ ಬರುವವರೆಗೆ ಕಾಯಬೇಕಿಲ್ಲ, ಈ ವರ್ಷದ ಐದನೇ ತರಗತಿಯಿಂದಲೇ ಮುಖ್ಯ ಶಿಕ್ಷಕರು ಇದನ್ನು ಆರಂಭಿಸಬಹುದು.